ಮಾಸ್ಕಿನ ಹಿಂದೆ ನಾನು ನಕ್ಕಿದ್ದು

ಹೇರಿಮ್,

ಸಂಜೆ ಆರೂವರೆ. ನಿನ್ನ ತಮ್ಮ ತೇಗ್ಯು ಗಂಜಿ ಕುಡಿದು ಮಲಗಿದ್ದಾನೆ. ಇವತ್ತು ಮೀನಿನಂಗಡಿ ತೆರೆಯಲಿಲ್ಲ. ಮಧ್ಯಾಹ್ನದವರೆಗೂ ನಿನ್ನ ಕಂಪನಿಯ ಗೇಟಿನ ಮುಂದೆ ಬೋರ್ಡು ಹಿಡಿದು ನಿಂತಿದ್ದೆ. ಅದು ನಿನಗೆ ಗೊತ್ತು. ಆದರೂ ನಾನೇ ಬರೆದು ಹೇಳಬೇಕು.

ಹೋದ ವಾರ ನೀನು ಫೋನ್ ಮಾಡಿ, “ಅಮ್ಮ, ಔಷಧಿ ಪ್ರಯೋಗದಲ್ಲಿದ್ದ ಇಬ್ಬರಿಗೆ ಲಿವರ್ ಹಾಳಾಗಿದೆ. ಔಷಧಿ ಎಲ್ಲರಿಗೂ ನಿಲ್ಲಿಸ್ತಾ ಇದ್ದೀವಿ. ತೇಗ್ಯೂಗೂ” ಅಂದೆ. ನಾನು ಫೋನ್ ಇಟ್ಟುಬಿಟ್ಟೆ. ನಿಮ್ಮಪ್ಪನನ್ನು ತಿಂದ ಕಾಯಿಲೆಯೇ ಇವನಿಗೂ ಬಂದಿದೆ. ಆ ಔಷಧಿ ಶುರುವಾದ ಮೇಲೆ ಇವನ ಕೈ ಮತ್ತೆ ಚಮಚ ಎತ್ತಿತ್ತು. ನನಗೆ ಅದೊಂದೇ ಕಾಣುತ್ತಿತ್ತು.

ಆ ಔಷಧಿ ನಿನ್ನದು. ಅಪ್ಪನಿಗೆ ಗಂಜಿ ಕುಡಿಸುತ್ತಾ ಪರೀಕ್ಷೆಗೆ ಓದಿದವಳು ನೀನು. ನೀನು ಸಂಶೋಧನಾ ವಿಭಾಗದ ಮುಖ್ಯಸ್ಥೆಯಾದಾಗ ಪತ್ರಿಕೆಯಲ್ಲಿ ಬಂದ ಫೋಟೋವನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದೆ. ಬಂಗಡೆ ಕೊಳ್ಳಲು ಬಂದವರು ಅದನ್ನು ನೋಡದೆ ಹೋಗುವ ಹಾಗಿರಲಿಲ್ಲ. ಒಂದು ಚುಸೋಕ್ ಹಬ್ಬಕ್ಕೆ ಬಂದಾಗ ನೀನು ಸುಸ್ತಾಗಿ ಗೋಡೆಗೆ ಒರಗಿ, “ಹತ್ತು ವರ್ಷ ದುಡಿದು ಕೊನೆಗೆ ‘ಇದು ಆಗಲ್ಲ’ ಅನ್ನೋದೂ ನನ್ನ ಕೆಲಸಾನೇ ಅಮ್ಮ” ಅಂದೆ. “ಅಯ್ಯೋ, ಅದಕ್ಕೂ ಸಂಬಳ ಕೊಡ್ತಾರಾ? ಹಾಗಾದ್ರೆ ನಂಗೂ ಒಂದು ಕೆಲಸ ಕೊಡಿಸೇ” ಅಂತ ತಮಾಷೆ ಮಾಡಿದ್ದೆ.

ಗೇಟಿನ ಬಳಿ ಎಲ್ಲರೂ ರೋಗಿಗಳ ತಾಯಂದಿರು, ಹೆಂಡತಿಯರು. ಅಲ್ಲಿ ನಾನು ಬರೀ “ತೇಗ್ಯು ಅಮ್ಮ.” ನೀನು ಹುಟ್ಟಿದಂದಿನಿಂದ ಮಾರುಕಟ್ಟೆಯಲ್ಲಿ ಎಲ್ಲರೂ ನನ್ನನ್ನು “ಹೇರಿಮ್ ಅಮ್ಮ” ಎಂದೇ ಕರೆಯುವುದು. ಆ ಹೆಸರನ್ನು ಗೇಟಿನ ಬಳಿ ಯಾರಿಗೂ ಹೇಳಲಿಲ್ಲ. ಟೋಪಿ, ಮಾಸ್ಕು ಹಾಕಿಕೊಂಡಿದ್ದೆ.

ಕಾವಲಿನವರು ಬೇಡವೆಂದರೂ ನೀನೇ ಹೊರಗೆ ಬಂದೆ. ಒಬ್ಬೊಬ್ಬರ ಮುಂದೆಯೂ ನಿಂತು ಸೊಂಟ ಬಗ್ಗಿಸಿ ಕ್ಷಮೆ ಕೇಳಿದೆ. ನನ್ನ ಮುಂದೆ ಬಂದಾಗ ಒಂದು ಗಳಿಗೆ ತಡೆದೆ. “ನಮ್ಮ ಮಕ್ಕಳನ್ನು ಕೊಲ್ಲಬೇಡಿ” ಎಂಬ ಬೋರ್ಡನ್ನು ಓದಿದೆ. ಆಮೇಲೆ ತಲೆ ಬಗ್ಗಿಸಿ, “ಚಳಿ ಜಾಸ್ತಿ ಇದೆ. ಒಳಗೆ ಕೂತ್ಕೊಳ್ಳಿ, ರೋಗಿಯ ಕಡೆಯವರೇ” ಅಂದೆ. ಅಮ್ಮ ಅನ್ನಲಿಲ್ಲ. ಅಂದಿದ್ದರೆ ಆ ಹೆಂಗಸರು ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ನನ್ನ ಮರ್ಯಾದೆ ಉಳಿಸಲು ನೀನು ನನ್ನನ್ನೇ ಪರಕೀಯಳಾಗಿಸಿದೆ.

ನೀನು ಮುಂದಕ್ಕೆ ಹೋಗುತ್ತಿದ್ದಂತೆ ಪಕ್ಕದ ಸನ್‌ಗು ಅಮ್ಮ ಗಟ್ಟಿಯಾಗಿ, “ನೋಡ್ರೇ ಇವಳ ನಾಟಕಾನ! ಇಂಥವಳನ್ನ ಹೆತ್ತ ಮಹಾತಾಯಿ ಬಾಣಂತನದ ಕಡಲಪಾಚಿ ಸಾರು ಬೇರೆ ಕುಡಿದಿದ್ದಾಳೆ! ವೇಸ್ಟ್ ಕಣ್ರೇ, ಆ ಸಾರು!” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಲವಂತಕ್ಕಲ್ಲ, ಸುಮ್ಮನೆ ಬಂದುಬಿಟ್ಟಿತು. ನೀನು ಇನ್ನೂ ಎರಡು ಹೆಜ್ಜೆ ದೂರ ಹೋಗಿರಲಿಲ್ಲ. ನನ್ನ ನಗು ನಿನಗೆ ಗೊತ್ತಾಗದೇ ಇರುತ್ತದೆಯೇ? ನಿನ್ನ ಹೆಗಲು ಸ್ವಲ್ಪ ಕುಸಿದದ್ದನ್ನು ನೋಡಿದೆ. ನೀನು ತಿರುಗಲಿಲ್ಲ.

ಮನೆಗೆ ಬಂದರೆ ತೇಗ್ಯು ತೊದಲುತ್ತಾ, “ಘೋಷಣೆ ಕೂಗಿದ್ಯಾ? ನಿನ್ನ ಮೀನು ಮಾರೋ ಗಂಟಲಿಗೆ ಅಕ್ಕನ ಆಫೀಸಿನ ಕಿಟಕಿಗಾಜು ಉಳೀತಾ?” ಅಂದ. ನಗುವಾಗ ಅವನ ಕಣ್ಣು ನೋಡಿದೆ. ಹಳದಿ. ಮೊನ್ನೆಯೇ ಕಂಡಿತ್ತು, ಹೇರಿಮ್. ದೀಪದ ಬೆಳಕಿರಬೇಕು ಅಂದುಕೊಂಡು ಸುಮ್ಮನಾದೆ. ಯಾಕೆಂದರೆ ನಿನ್ನ ಫೋನ್ ಬಂದ ಮೇಲೂ ನಾನು ಔಷಧಿ ಕೊಡುತ್ತಲೇ ಇದ್ದೆ. ಖಾಲಿಯಾಯಿತೆಂದು ಆಸ್ಪತ್ರೆಗೆ ಸುಳ್ಳು ಹೇಳಿ, ಮಿಕ್ಕ ಬಾಟಲಿಗಳನ್ನು ಕಿಮ್ಚಿ ಉಪ್ಪಿನಕಾಯಿಯ ಡಬ್ಬಿಗಳ ಹಿಂದೆ ಬಚ್ಚಿಟ್ಟಿದ್ದೆ. ನೀನು ಬೇರೆಯವರ ಮಕ್ಕಳನ್ನು ಉಳಿಸುತ್ತಿದ್ದೆ. ನಾನು ನನ್ನ ಮಗನಿಗೇ ವಿಷ ಕುಡಿಸುತ್ತಿದ್ದೆ.

ಈಗಷ್ಟೇ ಆಸ್ಪತ್ರೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಇವತ್ತಿನ ಔಷಧಿ ಕೊಟ್ಟಿಲ್ಲ. ಕ್ಷಮಿಸು ಎಂದು ಕೇಳಲು ಮುಖವಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಆ ತೆಳು ಕೋಟಿನಲ್ಲಿ ಹೊರಗೆ ನಿಲ್ಲಬೇಡ. ನೀನು ತಣ್ಣಗಿರು ಮಗಳೇ.

ನಾಳೆ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯವರು ತೇಗ್ಯುವನ್ನು ಕರೆದೊಯ್ಯಲು ಬರುತ್ತಾರೆ.

ಅಮ್ಮ