ಬೆಕ್ಕಿಲ್ಲದ ಮನೆಯಿಂದ

ಮಹಡಿ ಮನೆ, ಕಿಟಕಿಯ ಪಕ್ಕ
ಜನವರಿ ೧೯, ಗುರುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಊಟ, ನಿದ್ದೆ ಹೊತ್ತಿಗೆ ಸರಿಯಾಗಿ ನಡೆಯುತ್ತಿದೆಯಾ? ಚಳಿ ಬಿದ್ದರೆ ನಿನ್ನ ಎಡಗೈ ಬೆರಳು ಬಿರಿಯುತ್ತಿದ್ದವಲ್ಲ, ಈಗ ಹೇಗಿವೆ? ಮುಲಾಮು ಹಚ್ಚಿಕೋ, ಹಚ್ಚಿದ ಕೈಯಲ್ಲಿ ಗಿರಾಕಿಯ ಬಟ್ಟೆ ಮುಟ್ಟಬೇಡ. ಇದು ಅಮ್ಮನ ಮಾತು, ಅವಳ ಪರವಾಗಿ ನಾನು ಹೇಳಿದ್ದೇನೆ. ಆರು ವರ್ಷದಿಂದ ಒಂದು ಸಾಲು ಬರೆಯದವನನ್ನು ಹೀಗೆ ವಿಚಾರಿಸಿಕೊಳ್ಳಬೇಕಾ ಎಂದು ಸಿಟ್ಟೂ ಬರುತ್ತಿದೆ. ಇರಲಿ, ಅದನ್ನು ಆಮೇಲೆ ತೀರಿಸಿಕೊಳ್ಳುತ್ತೇನೆ, ಈಗ ಜಗಳಕ್ಕೆ ಬೇಕಾಗುವಷ್ಟು ಉಸಿರಿಲ್ಲ. ನಿನ್ನ ವಿಳಾಸವೇ ಗೊತ್ತಿಲ್ಲದ ಮನೆಯಿಂದ ಪತ್ರ ಹೇಗೆ ಬಂತು ಎಂದು ಹುಬ್ಬೇರಿಸಬೇಡ, ಕೊನೆಯಲ್ಲಿ ಹೇಳುತ್ತೇನೆ. ಏನು ಓದಿದರೂ ಮೊದಲು ಕೊನೆಯ ಹಾಳೆ ತಿರುಗಿಸುವ ನಿನ್ನ ಚಾಳಿ ನನಗೆ ಗೊತ್ತು. ಈ ಸಲ ಹಾಗೆ ಮಾಡಿದರೆ ನನ್ನಾಣೆ.

ನನ್ನ ಉಬ್ಬಸ ಮತ್ತೆ ಎದ್ದಿದೆ. ಏಳುವುದು ಹೊಸದಲ್ಲ, ಎದ್ದದ್ದು ಮಲಗುತ್ತಿಲ್ಲ, ಅದೇ ಹೊಸದು. ಮಳೆಗಾಲ ಮುಗಿಯುತ್ತಿದ್ದಂತೆ ಶುರುವಾಯಿತು. ಎಂದಿನಂತೆ ನೀಲಿ ಇನ್‌ಹೇಲರ್ ಎಳೆದುಕೊಂಡೆ, ಗಂಟೆ ಕಳೆಯುವುದರೊಳಗೆ ಎದೆ ಮತ್ತೆ ಬಿಗಿಯಿತು. ನಾನೀಗ ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಕೂರುವವಳು. ಒಬ್ಬ ಗಿರಾಕಿ ನಲ್ಲಿಯ ವಿಷಯ ಹೇಳುತ್ತಿದ್ದವನು ನಡುವೆ ನಿಲ್ಲಿಸಿ, "ಮೇಡಂ, ನೀರು ಬರೋಕೆ ಮುಂಚೆ ಪೈಪಲ್ಲಿ ಸುಂಯ್ ಅಂತ ಗಾಳಿ ಬರುತ್ತಲ್ಲ, ಅದು ನಿಮ್ಮ ಫೋನಲ್ಲೇ ಬರ್ತಿದೆ, ಮೊದಲು ಅದನ್ನ ರಿಪೇರಿ ಮಾಡಿಸಿ" ಎಂದ. ನಕ್ಕೆ. ನಕ್ಕಿದ್ದೇ ತಪ್ಪಾಯಿತು, ಕೆಮ್ಮು ಹಿಡಿದು ಪಕ್ಕದ ಕುರ್ಚಿಯವರು ಓಡಿ ಬರಬೇಕಾಯಿತು. ಎದೆ ಡಾಕ್ಟರು ಔಷಧದ ಅಳತೆ ಏರಿಸಿದರು, ಕಂದು ಇನ್‌ಹೇಲರ್ ಕೊಟ್ಟರು, ನಾನು ಸರಿಯಾಗಿ ಎಳೆದುಕೊಳ್ಳುತ್ತಿದ್ದೇನೋ ಇಲ್ಲವೋ ಎಂದು ಎದುರು ಕೂರಿಸಿ ನೋಡಿದರು. ಮಾತ್ರೆ ನುಂಗಿ ನುಂಗಿ ನನ್ನ ಮುಖ ಊದಿಕೊಂಡು ದಿಂಬಿನ ಹಾಗಾಗಿದೆ. ಮೂಗಿಗೆ ಹಬೆ ಬಿಡುವ ಯಂತ್ರವೂ ಮನೆಗೆ ಬಂತು. ಬೆಳಗ್ಗೆ ಒಂದಿಷ್ಟು ಆರಾಮ, ಕಚೇರಿಯಲ್ಲಿ ಇನ್ನೊಂದಿಷ್ಟು ಆರಾಮ. ಸಂಜೆ ದೀಪ ಹಾಕುವ ಹೊತ್ತಿಗೆ ಯಾರೋ ಎದೆಯ ಮೇಲೆ ಬಂದು ಕೂತಂತೆ ಆಗುತ್ತದೆ.

ಅಮ್ಮ ಪರದೆ ಕಿತ್ತು ಒಗೆದಳು, ಬೀರುವಿನ ಹಿಂದೆ ಬೂಸ್ಟು ಹಿಡಿದಿದೆಯೇನೋ ಎಂದು ಗೋಡೆ ಕೆರೆದಳು, ಹಾಸಿಗೆಯನ್ನು ಬಿಸಿಲಿಗೆ ಹಾಕಿ ಬಡಿದಳು. ಏನೂ ಸಿಗಲಿಲ್ಲ. ಆಮೇಲೆ ಸಿಕ್ಕಿತು. ನನ್ನ ಅಂಗಿಯ ಬೆನ್ನ ಮೇಲೆ, ಸರಿಯಾಗಿ ಎರಡು ಭುಜದ ನಡುವೆ, ಬೂದು ಬಣ್ಣದ ಕೂದಲು. ನಮ್ಮ ಯಾರ ತಲೆಯದೂ ಅಲ್ಲ, ಅಷ್ಟು ಸಣ್ಣ, ಅಷ್ಟು ಮೆತ್ತಗೆ. ಕಿತ್ತು ಬಿಸಾಕಿದಳು. ಮರುದಿನ ಬೇರೆ ಅಂಗಿ, ಅದೇ ಜಾಗದಲ್ಲಿ ಮತ್ತೆ ನಾಲ್ಕೈದು. ನನ್ನ ಕೈಗೆ ಎಟುಕದ ಜಾಗ ಅದು ಅಣ್ಣಾ. ಅಲ್ಲಿ ಏನು ಉಜ್ಜಿಕೊಂಡು ಹೋಗುತ್ತದೆ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅದೇ ವಾರ ಕೆಳಮನೆಯ ನಾಯಿ ಒಂದು ಹೊಸ ವರಸೆ ತೆಗೆಯಿತು. ಮರಿಯಾಗಿದ್ದಾಗಿನಿಂದ ಅಪ್ಪನ ಕಾಲಿಗೆ ಸುತ್ತಿಕೊಂಡು ಬೆಳೆದ ಪ್ರಾಣಿ ಅದು. ಈಗ ಸಂಜೆ ಅಪ್ಪ ವಾಕಿಂಗ್ ಮುಗಿಸಿ ಮೆಟ್ಟಿಲು ಹತ್ತಿದರೆ ಸಾಕು, ಬೆನ್ನ ರೋಮ ನಿಗುರಿಸಿಕೊಂಡು, ಅವರನ್ನಲ್ಲ, ಅವರ ಪಕ್ಕದಲ್ಲಿ ಇನ್ನೇನೋ ಹತ್ತಿ ಬರುತ್ತಿದೆ ಎನ್ನುವ ಹಾಗೆ ಗುರುಗುಟ್ಟುತ್ತದೆ. ಅಪ್ಪ ಹೆದರಿ ಬಾಗಿಲಲ್ಲೇ ನಿಂತು ಎರಡೂ ಕೈಯಿಂದ ಮೈ ಕೊಡವಿಕೊಂಡು ಒಳಗೆ ಬರುತ್ತಾರೆ. ನಾಯಿಗೆ ವಯಸ್ಸಾಯಿತು, ಅರಳುಮರಳು ಎನ್ನುತ್ತಾರೆ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ಕೇಳಿದರು, "ಮನೇಲಿ ಬೆಕ್ಕು ಸಾಕಿದ್ದೀರಾ?" ಇಲ್ಲ ಎಂದೆ. ಅಕ್ಕಪಕ್ಕ? ನಾಯಿ ಮಾತ್ರ. "ನಿಮ್ಮ ಮೈಗೆ ಬೆಕ್ಕು ಅಂದ್ರೆ ಆಗಲ್ಲ, ಈಗ್ಲೂ ಎಲ್ಲೋ ಬೆಕ್ಕಿನ ಸಹವಾಸ ನಡೀತಿದೆ, ಅದಕ್ಕೇ ಯಾವ ಔಷಧಾನೂ ನಾಟ್ತಿಲ್ಲ, ಅದನ್ನ ಹುಡುಕಿ" ಎಂದರು. ಅಮ್ಮ ಅಲ್ಲೇ ವಾದಕ್ಕೆ ನಿಂತಳು, ನಮ್ಮ ಮನೆಯಲ್ಲಿ ಬೆಕ್ಕಿನ ಬಾಲ ಕೂಡ ಇಲ್ಲ ಎಂದು. ಡಾಕ್ಟರು ಇನ್ನೂ ಏನೋ ಬಟ್ಟೆಯ ವಿಷಯ ಹೇಳಿದರು, ಅಮ್ಮನ ಗಲಾಟೆಯಲ್ಲಿ ಅದು ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ವಾದ ಮಾಡಿ ಗೆದ್ದು ಬಂದವಳು, ಮನೆ ಮುಟ್ಟಿದ ಮೇಲೆ ಚಪ್ಪಲಿ ಕೂಡ ಬಿಡದೆ, "ಬೂದಿ ಬಂದಿದೆ ಕಣೇ" ಎಂದಳು.

ನಿನಗೆ ನೆನಪು ಮಾಡಿಕೊಡಬೇಕಾಗಿಲ್ಲ, ಆದರೂ ಬರೆಯುತ್ತೇನೆ. ನೀನು ಶಾಲೆಯಿಂದ ಬರುವಾಗ ಅಂಗಿಯೊಳಗೆ ಇಟ್ಟುಕೊಂಡು ತಂದ ಬೂದು ಮರಿ, ಅದಕ್ಕೇ ಬೂದಿ ಎಂದು ಹೆಸರಿಟ್ಟವನೂ ನೀನೇ. ಅದು ಬಂದ ವಾರಕ್ಕೇ ನನ್ನ ಎದೆ ಕೂಗತೊಡಗಿತು. ನೀನು ನನ್ನ ಬೆನ್ನಿಗೆ ಕಿವಿಯಿಟ್ಟು, ಇದರೊಳಗೂ ಒಂದು ಬೂದಿ ಕೂತಿದೆ ಎಂದು ನಗಿಸುತ್ತಿದ್ದೆ, ನನಗೆ ಪೀಪಿ ಎಂದು ಅಡ್ಡಹೆಸರಿಟ್ಟೆ. ಕೊನೆಗೆ ಅಪ್ಪ ಅದನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಸೇತುವೆ ದಾಟಿ ಬಿಟ್ಟು ಬಂದರು. ನೀನು ಎರಡು ದಿನ ಅನ್ನ ಮುಟ್ಟಲಿಲ್ಲ. ಎಷ್ಟೋ ವರ್ಷದ ಮೇಲೆ ಅಪ್ಪನ ಟೈಲರ್ ಅಂಗಡಿಯಲ್ಲಿ ಎಲ್ಲರೆದುರು ಕತ್ತರಿ ಕೆಳಗಿಟ್ಟು ಹೊರಟಾಗ ನೀನು ಅಂದ ಮಾತಿನಲ್ಲೂ ಅದೇ ಇತ್ತು, "ಬೇಡದ್ದನ್ನ ಚೀಲಕ್ಕೆ ಹಾಕಿ ಬಿಟ್ಟು ಬರೋದು ನಿಮಗೆ ಹೊಸದೇನಲ್ಲ, ನಾನೇ ಹೋಗ್ತೀನಿ, ಚೀಲ ಬೇಡ." ಅಪ್ಪ ಅವತ್ತೇ ಹೇಳಿಬಿಟ್ಟರು, ಇನ್ನು ಈ ಮನೆಯಲ್ಲಿ ಅವನ ಹೆಸರೆತ್ತಬೇಡಿ ಎಂದು. ಅಂದಿನಿಂದ ನಿನ್ನ ವಿಷಯ ಯಾರೂ ಉಸಿರೆತ್ತಿಲ್ಲ. ಈ ಮನೆಯಲ್ಲಿ ಉಬ್ಬಸ ನನಗೊಬ್ಬಳಿಗೇ ಅಲ್ಲ ಎಂದುಕೋ.

ಅಮ್ಮ ಮೆಟ್ಟಿಲ ತಿರುವಿನಲ್ಲಿ ಒಂದು ಬಟ್ಟಲು ಹಾಲಿಡಲು ಶುರು ಮಾಡಿದಳು. ನಿನಗೇನು ತಲೆ ಕೆಟ್ಟಿದೆಯಾ, ಅದು ಸತ್ತು ಮಣ್ಣಾಗಿ ಎಷ್ಟು ಕಾಲವಾಯಿತೋ ಎಂದು ರೇಗಿದೆ. ಅದಕ್ಕೇ ಇಡುತ್ತಿರುವುದು ಎಂದಳು. ಬೆಳಗ್ಗೆ ನೋಡಿದರೆ ಹಾಲಿನ ಮೇಲೆ ಕೆನೆ ಕಟ್ಟಿ ಹಾಗೇ ಇರುತ್ತಿತ್ತು. ಒಂದು ನೊಣ ಕೂಡ ಕೂತಿರುತ್ತಿರಲಿಲ್ಲ. ಕೂದಲು ಮಾತ್ರ ದಿನಾ ಬರುತ್ತಿತ್ತು.

ಹೋದ ತಿಂಗಳ ಒಂದು ಸಂಜೆಯ ವಿಷಯ ಹೇಳುತ್ತೇನೆ, ನಗಬೇಡ. ಮೇಜಿನ ಮೇಲೆ ದಿಂಬು ಇಟ್ಟು ಅದರ ಮೇಲೆ ಬಗ್ಗಿ ಕೂತಿದ್ದೆ. ಅಪ್ಪ ಆಗ ತಾನೇ ಒಳಗೆ ಬಂದವರು ಕೋಟು ಕೂಡ ಬಿಚ್ಚದೆ ಹಿಂದೆ ಕುರ್ಚಿ ಎಳೆದುಕೊಂಡು ಕೂತು, ನನ್ನ ಬೆನ್ನು ನೀವುತ್ತಿದ್ದರು. ದಿನಾ ಮಾಡುವ ಕೆಲಸ ಅದು. ಪಾಪ, ನನಗೆ ದಮ್ಮು ಕಟ್ಟಿದಷ್ಟೂ ಇನ್ನೂ ಹತ್ತಿರ ಸರಿದು ನೀವುತ್ತಾರೆ. ನನ್ನ ಎದೆಯ ಸದ್ದು ನನಗೇ ಕೇಳಿಸುತ್ತಿತ್ತು. ಅದರ ಕೆಳಗೆ ಇನ್ನೊಂದು ಸದ್ದು ಇದೆ ಅನ್ನಿಸಿತು. ಇದ್ದಬದ್ದ ಉಸಿರನ್ನು ಬಿಗಿಹಿಡಿದೆ. ನನ್ನ ಸದ್ದು ನಿಂತಿತು. ಇನ್ನೊಂದು ನಿಲ್ಲಲಿಲ್ಲ. ನನ್ನ ಕತ್ತಿನ ಹಿಂದೆ, ಬೆಚ್ಚಗೆ, ಗುರ್ರ್ ಎಂದು, ಹೊಟ್ಟೆ ತುಂಬಿದ ಬೆಕ್ಕು ತೊಡೆಯ ಮೇಲೆ ಮಲಗಿ ಮಾಡುತ್ತದಲ್ಲ, ಹಾಗೆ. ತಿರುಗಿ ನೋಡಿದರೆ ಅಪ್ಪ ಬಿಟ್ಟರೆ ಯಾರೂ ಇಲ್ಲ. ಬಾಯಿ ಮುಚ್ಚಿಕೊಂಡು ಕಿಟಕಿ ಕಡೆ ನೋಡುತ್ತಾ ಕೂತಿದ್ದಾರೆ. ಬಾಗಿಲಲ್ಲಿ ನಿಂತಿದ್ದ ಅಮ್ಮನ ಕೈಯಿಂದ ಹಾಲಿನ ಬಟ್ಟಲು ಜಾರಿ ಬಿತ್ತು, ಅವಳಿಗೂ ಕೇಳಿಸಿತ್ತು. ಆಮೇಲೆ ನನ್ನ ತುಟಿ ನೀಲಿಯಾಯಿತಂತೆ, ಕೆಳಮನೆಯವರು ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರಂತೆ. ನನಗೆ ನೆನಪಿರುವುದು ಇಷ್ಟೇ, ಗಾಳಿ ಎಲ್ಲಾ ಕಡೆ ಇತ್ತು, ನನ್ನೊಳಗೆ ಬರಲು ಮಾತ್ರ ಒಪ್ಪಲಿಲ್ಲ. ಸಾಯುತ್ತೇನೆ ಅಂದುಕೊಂಡೆ ಅಣ್ಣಾ. ನಿನ್ನನ್ನು ನೋಡದೆ ಸಾಯುತ್ತೇನಲ್ಲ ಎಂದು ಕೆಟ್ಟ ಕೋಪ ಬಂತು.

ಆಸ್ಪತ್ರೆಯಲ್ಲಿ ಗುಣವಾದೆ. ಹೆಂಗಸರ ವಾರ್ಡು, ಗಂಡಸರನ್ನು ಒಳಗೆ ಬಿಡುವುದಿಲ್ಲ. ಅಪ್ಪ ದಿನಾ ಗಾಜಿನ ಬಾಗಿಲ ಆಚೆ ನಿಂತು ಕೈ ಬೀಸಿ ಹೋಗುತ್ತಿದ್ದರು. ವಾರ ಕಳೆಯುವುದರೊಳಗೆ ಮೆಟ್ಟಿಲು ಹತ್ತಿ ಇಳಿದು ತೋರಿಸಿದೆ. ಮನೆಗೆ ಕರೆತಂದ ದಿನವೇ, ಸಂಜೆ ಅಪ್ಪ ಬಂದು ಖುಷಿಯಿಂದ ನನ್ನನ್ನು ತಬ್ಬಿಕೊಂಡು ಬೆನ್ನು ತಟ್ಟಿದರು ನೋಡು, ಮತ್ತೆ ಶುರು. ಇನ್ನೊಂದು ಸಲ ಹೀಗಾದರೆ ತಡೆಯುವುದು ಕಷ್ಟ ಎಂದು ಡಾಕ್ಟರು ಅಮ್ಮನಿಗೆ ಗುಟ್ಟಾಗಿ ಹೇಳಿದ್ದಾರೆ. ಅಮ್ಮ ಗುಟ್ಟಾಗಿ ಹೇಳುವುದು ಇಡೀ ಬೀದಿಗೆ ಕೇಳುತ್ತದೆ ಎಂದು ನಿನಗೆ ಗೊತ್ತಲ್ಲ.

ಇನ್ನು ಮೊನ್ನೆಯ ವಿಷಯ. ಬಿಸಿಲು ಜೋರಾಗಿತ್ತೆಂದು ಅಪ್ಪ ಉಣ್ಣೆ ಕೋಟು ಬಿಟ್ಟು ಅಂಗಡಿಗೆ ಹೋಗಿದ್ದರು. ಮೊಳೆಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಎತ್ತಿ ಮಡಿಚುವಾಗಲೇ ಮೂಗು ಕಟ್ಟಿ ಕಣ್ಣಲ್ಲಿ ನೀರು ಬಂತು. ಕಿಟಕಿಯ ಬೆಳಕಿಗೆ ಹಿಡಿದೆ. ತೋಳಿನ ತುಂಬ, ಎದೆಯ ತುಂಬ ಬೂದು ಕೂದಲು. ಒಂದು ನೂಲೆಳೆ ಅಂಟಿದ್ದರೂ ಗಿರಾಕಿಗೆ ಬಟ್ಟೆ ಕೊಡದ ಟೈಲರ್ ಅಪ್ಪ! ಆಗ ಡಾಕ್ಟರು ಹೇಳಿದ್ದ ಬಟ್ಟೆಯ ಮಾತು ಈಗ ಹೇಳಿದ ಹಾಗೆ ನೆನಪಾಯಿತು, "ಬೆಕ್ಕೇ ಬರಬೇಕಂತಿಲ್ಲ, ಅದರ ಜೊತೆ ಕೂತೆದ್ದವರ ಬಟ್ಟೆ ಬಂದ್ರೂ ಸಾಕು." ಅಪ್ಪ ಯಾವುದೋ ಬೆಕ್ಕನ್ನು ದಿನಾ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಾರೆ, ಬಾಗಿಲಲ್ಲಿ ಮೈ ಕೊಡವಿಕೊಂಡರೆ ಸಾಕು ಎಂದುಕೊಂಡಿದ್ದಾರೆ! ಯಾರ ಬೆಕ್ಕು ಎಂದು ಕೋಟು ತಿರುಗಿಸಿದೆ. ಬಲಮೊಣಕೈಯ ಹತ್ತಿರ ಹರಿದದ್ದನ್ನು ಯಾರೋ ಹೊಸದಾಗಿ ರಫೂ ಮಾಡಿದ್ದರು. ಅಪ್ಪ ತಮ್ಮ ಬಟ್ಟೆಗೆ ಇನ್ನೊಬ್ಬರ ಸೂಜಿ ತಾಕಿಸಿದವರೇ ಅಲ್ಲ. ನೋಡಿದೆ, ಹೊಲಿಗೆ ಅಷ್ಟೂ ಎಡಕ್ಕೆ ವಾಲಿತ್ತು. ನಿನ್ನ ಎಡಗೈಯ ಹೊಲಿಗೆ. ಗಾಳಿಗೆ ಬಿದ್ದ ಬೇಲಿ ಎಂದು ಅಪ್ಪ ಬೈದು ಬೈದು ಬಿಚ್ಚಿಸುತ್ತಿದ್ದರಲ್ಲ, ಅದೇ.

ಕೋಟು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು, ಅತ್ತರೆ ದಮ್ಮು ಕಟ್ಟುತ್ತದೆ ಎಂದು ನಿಲ್ಲಿಸಿಕೊಂಡೆ, ನಗು ಬಂತು, ಅದಕ್ಕೂ ದಮ್ಮು ಕಟ್ಟಿತು. ಆ ಗುರ್ರ್ ಎನ್ನುವ ಸದ್ದು ಏನೆಂದು ಆಗ ತಿಳಿಯಿತು. ನೀವಿಬ್ಬರೂ ಪಕ್ಕ ಪಕ್ಕದ ಮೆಷಿನ್ನಿನಲ್ಲಿ ಕೂತು ಹೊಲಿಯುವಾಗ ಅಪ್ಪ ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದರಲ್ಲ, ರಾಗವೂ ಇಲ್ಲ, ತಾಳವೂ ಇಲ್ಲ, ಗಂಟಲಲ್ಲೇ. ನೀನು ಹೋದ ದಿನ ನಿಂತದ್ದು. ಆರು ವರ್ಷದಲ್ಲಿ ನಾವದನ್ನು ಎಷ್ಟು ಮರೆತಿದ್ದೆವು ಎಂದರೆ, ಮತ್ತೆ ಕೇಳಿದಾಗ ದೆವ್ವ ಎಂದುಕೊಂಡೆವು.

ಸಂಜೆ ಅಪ್ಪ ಬಂದಾಗ ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಏನಾಗುತ್ತಿತ್ತು ಹೇಳು? ಒಂದೋ ನಿನ್ನ ಹತ್ತಿರ ಬರುವುದು ನಿಲ್ಲಿಸುತ್ತಾರೆ, ಇಲ್ಲವೇ ಆ ಬೆಕ್ಕನ್ನು ಬಿಡು ಎಂದು ನಿನಗೆ ಹೇಳುತ್ತಾರೆ. ಎರಡೂ ಒಂದೊಂದು ಸಲ ಆಗಿ ಹೋಗಿದೆ, ಎರಡೂ ಸಲ ಮನೆ ಮುರಿದಿದೆ. ನನ್ನ ಉಸಿರಿಗಾಗಿ ಮೂರನೇ ಸಲ ಬೇಡ. ನೆಗಡಿ ಎಂದು ಸುಳ್ಳು ಹೇಳಿ, ಬೆನ್ನು ನೀವುವುದು ಬೇಡ ಎಂದು ದೂರ ಕೂರಿಸಿದ್ದೇನೆ. ಅವರ ಮುಖ ನೋಡಲಾಗುತ್ತಿಲ್ಲ. ಎರಡು ದಿನದಿಂದ ಎದೆ ಸ್ವಲ್ಪ ಹಗುರಾಗಿದೆ, ಅದಕ್ಕೇ ಇಷ್ಟುದ್ದ ಬರೆದೆ.

ಮೈ ಕಡೆ ಜೋಪಾನ. ನಿನ್ನ ಬೆಕ್ಕಿಗೆ ನನ್ನ ನೆನಪು ಹೇಳು, ದೂರದಿಂದ. ನಿನ್ನ ಮೇಲಿನ ಸಿಟ್ಟಿನಲ್ಲಿ ಅರ್ಧ ಮಾಫಿ, ಉಳಿದರ್ಧ ಎದುರಿಗೆ ಸಿಕ್ಕಾಗ ನೋಡೋಣ.

ಕೂಗುವುದನ್ನು ಇನ್ನೂ ನಿಲ್ಲಿಸದ ನಿನ್ನ
ಪೀಪಿ

ಮರೆತೆ: ಇದನ್ನು ಅಂಚೆಗೆ ಹಾಕುತ್ತಿಲ್ಲ, ಅಪ್ಪನ ಕೋಟಿನ ಒಳಜೇಬಿನಲ್ಲಿ ಕನ್ನಡಕದ ಹಿಂದೆ ಇಡುತ್ತೇನೆ. ಬೆಕ್ಕನ್ನು ಎಲ್ಲೂ ಬಿಟ್ಟು ಬರಬೇಡ. ಅದರ ಬದಲು ಅಪ್ಪನಿಗೆ ಒಂದು ಕೋಟು ಹೊಲಿದು ನಿನ್ನಲ್ಲೇ ಇಡು, ಅಳತೆ ನಿನಗೆ ಬರುತ್ತದೆ. ಅಲ್ಲಿ ಅದು, ಇಲ್ಲಿ ಇದು. ಅಪ್ಪಾ, ನೀವಿದನ್ನು ದಾರಿಯಲ್ಲೇ ನಿಂತು ಓದುತ್ತಿದ್ದೀರಿ ಎಂದು ನನಗೆ ಗೊತ್ತು. ಓದಿದ್ದಾದರೆ ಮಡಿಚಿ ಅವನಿಗೆ ಕೊಡಿ. ಅಮ್ಮನಿಗೆ ನಾನು ಹೇಳಿಲ್ಲ, ಅದು ನಿಮ್ಮ ಕೆಲಸ. ಅವಳು ಇನ್ನೂ ಮೆಟ್ಟಿಲಲ್ಲಿ ಹಾಲಿಟ್ಟು, ಬಿಟ್ಟು ಹೋದದ್ದು ತಿರುಗಿ ಬರುತ್ತದೆ ಎಂದು ಕಾಯುತ್ತಿದ್ದಾಳೆ. ಇವತ್ತು ಅವನನ್ನು ಕರೆದುಕೊಂಡು ಬನ್ನಿ. ಇಬ್ಬರೂ ಕೆಳಗೇ ಕೋಟು ಬಿಚ್ಚಿಟ್ಟು ಮೇಲೆ ಹತ್ತಿ.