ಕೋಲಿನ ನಡಿಗೆ

ಗುಬ್ಬಿಯ ಅಮ್ಮನಿಗೆ ನಮಸ್ಕಾರ.

ನಮ್ಮ ಸಮುದಾಯ ಕಾಲೇಜಿನ ಪದವಿ ಸಮಾರಂಭ ನಿನ್ನೆ ಮುಗಿಯಿತು. ಗುಬ್ಬಿಯ ಪ್ರಮಾಣಪತ್ರ ನನ್ನ ಬಳಿ ಜೋಪಾನವಾಗಿದೆ, ಭಾನುವಾರ ತರುತ್ತೇನೆ. ಅವಳ ಬಾಡಿಗೆ ಗೌನನ್ನು ದಯವಿಟ್ಟು ತೆಗೆದಿಟ್ಟಿರಿ, ವಾಪಸು ಕೊಡಬೇಕಂತೆ.

ತಾಲೀಮಿನಲ್ಲಿ ನಮ್ಮ ಸಾಲು ಅವಳ ಊರುಗೋಲಿನ ಲಯಕ್ಕೇ ನಡೆಯುತ್ತಿತ್ತು. "ನನ್ನಿಂದ ನಿಮಗೆಲ್ಲ ಮದುಮಗಳ ನಡಿಗೆ ಬಂತು ನೋಡ್ರೇ" ಎಂದು ನಗುತ್ತಿದ್ದಳು. ಜ್ವರ ಅವಳನ್ನು ಕರೆದೊಯ್ದ ಮೇಲೆ, ಆ ಜಾಗ ತುಂಬಿಸಿಕೊಂಡು ಬೇಗ ನಡೆಯಿರಿ ಎಂದರು ಮೇಷ್ಟ್ರು. ಆಯಿತು ಎಂದೆವು. ಆದರೆ ನಿನ್ನೆ ಒಬ್ಬರ ಕಾಲೂ ಚುರುಕಾಗಲಿಲ್ಲ. ನನ್ನ ಮುಂದಿನ ಜಾಗ ಹಾಗೇ ಉಳಿಯಿತು. ವೇದಿಕೆಯ ಮೆಟ್ಟಿಲ ಬಳಿ ಅಭ್ಯಾಸಬಲದಿಂದ ಅವಳ ಮೊಣಕೈಗೆಂದು ಕೈ ಚಾಚಿದೆ. ಕೋಲು ಮೆಟ್ಟಿಲಿಗೆ ತಾಗಿದ ಸದ್ದು ಬಂತು. ನನ್ನ ಹಿಂದಿದ್ದವಳು, "ನಿಂಗೂ ಕೇಳಿಸ್ತೇನೇ?" ಎಂದಳು. ನಾನು ತಿರುಗಿ ನೋಡಲಿಲ್ಲ.

ಅವಳ ಕೋಲು ಬಾಗಿಲ ಹಿಂದೆ, ಅವಳು ಇಟ್ಟಲ್ಲೇ ಇದೆ ಎಂದಿದ್ದಿರಿ. ಒಮ್ಮೆ ನೋಡಿಬಿಡಿ, ಅಮ್ಮ. ಅಲ್ಲೇ ಇದ್ದರೆ ನನಗೆ ಹೇಳಬೇಡಿ.

ಇಂತಿ,
ಸಾಲಿನಲ್ಲಿ ಅವಳ ಹಿಂದಿನವಳು