ನಕಾಶೆಯಲ್ಲಿ ಗೋಮಾ

ದೆಹಲಿ, ನವೆಂಬರ್ ೨೦೦೮

ಪಪ್ಪಾ,

ಸಾರಿ. ನೀವು ತೀರಿಹೋಗಿ ಎರಡು ವರ್ಷವಾದ ಮೇಲೆ ಬರೆಯುತ್ತಿದ್ದೇನೆ.

ಇವತ್ತು ಕಾಲೇಜಿನಲ್ಲಿ ಆಫ್ರಿಕಾದ ಮ್ಯಾಪ್ ಟೆಸ್ಟ್ ಇತ್ತು. ಖಾಲಿ ನಕಾಶೆಯಲ್ಲಿ ನದಿ, ಮರುಭೂಮಿ, ರಾಜಧಾನಿಗಳನ್ನು ಗುರುತಿಸಬೇಕಿತ್ತು. ಭಯಕ್ಕೆ ನನಗೆ ನೈಲ್ ಕೂಡ ಮರೆತುಹೋಯಿತು. ಪೆನ್ಸಿಲ್ ಮಾತ್ರ ತಾನಾಗಿಯೇ ಕಿವು ಸರೋವರದ ದಡಕ್ಕೆ ಹೋಗಿ, ಶಾಂತಿಪಡೆಯಲ್ಲಿದ್ದಾಗ ನೀವು ವಾಸವಿದ್ದ ಗೋಮಾದ ಮೇಲೆ ಚುಕ್ಕೆ ಇಟ್ಟಿತು. ಆಮೇಲೆ ನಿಮ್ಮ ಪತ್ರಗಳಲ್ಲಿದ್ದ ಜ್ವಾಲಾಮುಖಿ ಹಾಳೆಯ ಮೇಲೆ ಮೆಲ್ಲಗೆ ಹೊಗೆಯಾಡಿತು. ಕಾಲಲ್ಲಿ ತಳ್ಳಿಕೊಂಡು ಓಡಿಸುವ ಮರದ ಸ್ಕೂಟರಿನಲ್ಲಿ ಇದ್ದಿಲು ಹೇರಿಕೊಂಡವರು ಕಪ್ಪು ಲಾವಾ ಕಲ್ಲುಗಳ ನಡುವೆ ಇಳಿದು ಬಂದರು. ನಾನು ನೋಡುತ್ತಾ ಕೂತುಬಿಟ್ಟೆ.

"ಗೋಮಾ? ಅರೇ ಬೇಟಾ, ಯೇ ಕಿಸ್ನೇ ಪೂಛಾ?" ಇದನ್ನು ಯಾರು ಕೇಳಿದ್ದು ಎಂದು ಮ್ಯಾಡಂ ನಕ್ಕರು.

"ಪಪ್ಪಾ, ಮ್ಯಾಮ್," ಎಂದೆ.

ಪ್ರತಿ ಪತ್ರದಲ್ಲೂ ನೀವು ಕೇಳುತ್ತಿದ್ದಿರಿ: "ನಾನಿರೋ ಊರು ಮ್ಯಾಪಲ್ಲಿ ಸಿಕ್ತಾ ಪುಟ್ಟಿ?" ನಾನು ಪ್ರತಿ ಭಾನುವಾರ ಹಾಸ್ಟೆಲಿನ ಬೋರ್ಡಿನಲ್ಲಿ ವಾರ್ಡನ್ ಬರೆದಿದ್ದನ್ನೇ ನಕಲು ಮಾಡಿ ಕಳಿಸುತ್ತಿದ್ದೆ: ಐ ಆಮ್ ಫೈನ್, ಹೋಪ್ ಯೂ ಆರ್ ಫೈನ್.

ಸಿಕ್ಕಿತು ಪಪ್ಪಾ. ಸರೋವರದ ಮೇಲ್ತುದಿಯಲ್ಲಿದೆ, ಅಲ್ವಾ? ಬೇಗ ಉತ್ತರ ಬರೆಯಿರಿ.

ಜೀವಿತಾ